ಗಂಡೇ ಇಲ್ಲದ ಮಿಡತೆ, ಖಾಲಿ ಕಾಣುವ ನೆಲ

ಮಿಡತೆ ಅಂದರೆ ಹುಲ್ಲು, ಎಲೆ ಮೇಯುವ ಹುಳ ಅಂತ ನಮ್ಮ ಲೆಕ್ಕ. ಯುರೋಪಿನಲ್ಲಿರುವ ಒಂದು ಮಿಡತೆ ಮಾತ್ರ ಬೇರೆ ಮಿಡತೆಗಳನ್ನೇ ಹಿಡಿದು ತಿನ್ನುತ್ತದೆ. ಹೆಸರು ಸಾಗಾ ಪೀಡೋ. ಸ್ಪೇನ್‌ನಿಂದ ಮಧ್ಯ ಏಷ್ಯಾದವರೆಗೆ ಒಣ ಹುಲ್ಲು, ಕುರುಚಲು ಪೊದೆ ಇರುವ ಕಡೆ ಇದರ ವಾಸ. ಹಿಂದಿರುವ ಕತ್ತಿಯಂಥ ಮೊಟ್ಟೆಯಿಡುವ ಅಂಗವನ್ನೂ ಸೇರಿಸಿದರೆ ಉದ್ದ ಸುಮಾರು 10 ಸೆಂ.ಮೀ. ಹಾರಲು ರೆಕ್ಕೆ ಇಲ್ಲ. ಕೊಂಬೆಯಂತೆ ಅಲುಗಾಡದೆ ಕಾದಿದ್ದು, ಮುಳ್ಳಿರುವ ಮುಂಗಾಲುಗಳಿಂದ ಗಬಕ್ಕನೆ ಹಿಡಿಯುತ್ತದೆ. ಸ್ವತಃ ಬೇಟೆಗಾರನಾದ ಮ್ಯಾಂಟಿಸ್ ಕೂಡ ಇದರ ಬಾಯಿಗೆ ಬೀಳುತ್ತದೆ. ಹಾಗಾಗಿ 'ರೈತಮಿತ್ರ' ಅಂತ ಬಿರುದು ಕೊಡಲು ಹೋಗಬೇಡಿ.

ಇದರಲ್ಲಿ ಇರುವುದೆಲ್ಲ ಹೆಣ್ಣೇ. ಕೂಡದೆಯೇ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯಿಂದ ಮತ್ತೆ ಹೆಣ್ಣೇ ಹುಟ್ಟುತ್ತದೆ. ಸಂಜೆ ಪೊದೆಯಲ್ಲಿ ಕಿರ್ ಅನ್ನುವ ಮಿಡತೆ ಸಾಮಾನ್ಯವಾಗಿ ಗಂಡು. ಇಲ್ಲಿ ಗಂಡೇ ಇಲ್ಲ, ಹಾಡೂ ಇಲ್ಲ.

ಬೇಸಿಗೆಯ ಕೊನೆಗೆ ಮೊಟ್ಟೆಗಳನ್ನು ಮಣ್ಣೊಳಗೆ ಚುಚ್ಚಿ ಇಡುತ್ತದೆ. ಚಳಿಗಾಲಕ್ಕೆ ಮುಂಚೆ ತಾಯಿ ಸಾಯುತ್ತದೆ. ವಸಂತದಲ್ಲಿ ಮರಿ ಹೊರಬಂದು, ಹಲವು ಸಲ ಪೊರೆ ಕಳಚಿ, ಬೇಸಿಗೆಯ ನಡುವೆ ದೊಡ್ಡದಾಗುತ್ತದೆ. ಆದರೆ ಯಾವ ವಸಂತದಲ್ಲಿ? ಅದೇ ತಕರಾರು. ಎಲ್ಲ ಮೊಟ್ಟೆಗಳೂ ಮರುವರ್ಷವೇ ಒಡೆಯುವುದಿಲ್ಲ, ಕೆಲವು ಹಲವು ವರ್ಷ ಮಣ್ಣಲ್ಲೇ ಮಲಗಿರುತ್ತವೆ.

1992ರ ಯುರೋಪ್ ಒಕ್ಕೂಟದ ಆವಾಸಸ್ಥಾನ ನಿರ್ದೇಶನದಲ್ಲಿ ಇದಕ್ಕೆ ಕಟ್ಟುನಿಟ್ಟಿನ ರಕ್ಷಣೆ ಇದೆ. ಕೊಲ್ಲುವಂತಿಲ್ಲ, ಸಂತಾನ ಬೆಳೆಸುವ ಜಾಗವನ್ನೂ ಹಾಳು ಮಾಡುವಂತಿಲ್ಲ. ನನ್ನ ಪ್ರಕಾರ ಕಾನೂನಿನ ತಿರುಳು ಈ ಎರಡನೇ ಮಾತಿನಲ್ಲಿದೆ, ಕಷ್ಟವೂ ಅಲ್ಲೇ ಇದೆ. ಸದ್ದು ಮಾಡದ, ಹಸಿರಲ್ಲಿ ಹಸಿರಾಗಿರುವ, ಹೆಚ್ಚಾಗಿ ರಾತ್ರಿ ಓಡಾಡುವ ಹುಳವನ್ನು ಹುಡುಕಿ ಒಬ್ಬರು ಹಗಲಲ್ಲಿ ಬಂದರು ಅನ್ನಿ. ಏನೂ ಕಾಣಲಿಲ್ಲ, 'ಇಲ್ಲಿ ಇಲ್ಲ' ಅಂತ ಬರೆದು ಹೋದರು. ಕೆಳಗೆ ಮಣ್ಣಲ್ಲಿ ಮೊಟ್ಟೆ ಇದ್ದರೆ? ಅಂಥ ನೆಲ ನಮ್ಮ ಪಹಣಿಯಲ್ಲಾದರೆ 'ಖರಾಬು' ಅಂತ ಬರುತ್ತಿತ್ತು. ಟ್ರ್ಯಾಕ್ಟರ್ ಒಮ್ಮೆ ಆಳವಾಗಿ ಉತ್ತರೆ ಹಲವು ವರ್ಷದ ಸಂತಾನ ಒಟ್ಟಿಗೆ ಹೋಗಬಹುದು.

ಒಂದು ವರ್ಷದ ಸಮೀಕ್ಷೆ ನಂಬಿ ಇಂಥ ನೆಲ ಉಳಲು ಬಿಡಬಾರದು. ಬೇಸಿಗೆ ರಾತ್ರಿಗಳಲ್ಲಿ ಟಾರ್ಚ್ ಹಿಡಿದು, ಮೂರ್ನಾಲ್ಕು ವರ್ಷ ಅದೇ ಜಾಗಕ್ಕೆ ಹೋಗಿ ನೋಡಬೇಕು. ಖರ್ಚು ಬರುತ್ತದೆ, ಅಲ್ಲಿಯವರೆಗೆ ನೆಲ ಉಳದೆ ಬಿಟ್ಟ ರೈತನಿಗೆ ನಷ್ಟವೂ ಆಗುತ್ತದೆ. ಅದೆರಡನ್ನೂ ಕಾನೂನು ಮಾಡಿದವರೇ ಭರಿಸಬೇಕು.