ಕಾರಿನ ಬಾಡಿಯ ಭಾರವನ್ನು ಮರದ ಚೌಕಟ್ಟು ತಾಳುತ್ತದೆಯೇ?

ಹಳೆಯ ಕಾರಿನ ತುಕ್ಕು ಹೆಚ್ಚಾಗಿ ಅಡಿಭಾಗದಲ್ಲಿರುತ್ತದೆ. ನೆಲದಲ್ಲಿ ಮಲಗಿ ಕೆರೆಯುವ ಬದಲು, ಬರಿ ಬಾಡಿಯನ್ನು ಎರಡೂ ತುದಿಯಲ್ಲಿ ಹಿಡಿದು ಮಗ್ಗುಲಿಗೆ ತಿರುಗಿಸುವ ಚೌಕಟ್ಟೇ ರೊಟಿಸರಿ. ಕಬ್ಬಿಣದ್ದು ದುಬಾರಿಯೆಂದು ಕೆಲವರು ಮರದಲ್ಲೇ ಮಾಡಿಕೊಳ್ಳುತ್ತಾರೆ. ‘ಮರ ಭಾರ ತಾಳಲ್ಲ’ ಎನ್ನುವುದು ಅರ್ಧ ಸತ್ಯ. ಎಂಜಿನ್, ಬಾಗಿಲು ಕಳಚಿದ ಸಣ್ಣ ಕಾರಿನ ಬಾಡಿ ಸುಮಾರು 200–300 ಕೆ.ಜಿ. ತೂಗುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಎತ್ತಿನ ಗಾಡಿಗಳು ಇದಕ್ಕಿಂತ ಹೆಚ್ಚೇ ಹೊತ್ತಿವೆ.

ಅಸಲಿ ಪ್ರಶ್ನೆ ಸಮತೋಲನದ್ದು. ಹೇರು ಹಿಂದಾದರೆ ನೊಗ ಮೇಲೇಳುತ್ತದೆ, ಮುಂದಾದರೆ ಎತ್ತಿನ ಕುತ್ತಿಗೆಗೆ ಬೀಳುತ್ತದೆ ಎಂಬುದು ಗಾಡಿ ಹೊಡೆದವರಿಗೆ ಗೊತ್ತು. ಇಲ್ಲೂ ಅಷ್ಟೇ. 250 ಕೆ.ಜಿ. ಬಾಡಿಯ ಗುರುತ್ವಕೇಂದ್ರ ತಿರುಗುವ ಅಚ್ಚಿನಿಂದ 10 ಸೆಂ.ಮೀ. ಸರಿದಿದ್ದರೆ, ಬಾಡಿ ಮಗ್ಗುಲಾದಾಗ ಅದನ್ನು ಹಿಡಿದು ನಿಲ್ಲಿಸಲು 1 ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 25 ಕೆ.ಜಿ.ಯಷ್ಟು ಬಲ ಬೇಕು. ಕೈ ಜಾರಿತೋ, ಬಾಡಿ ತಾನಾಗಿ ಗಿರಕಿ ಹೊಡೆಯುತ್ತದೆ. ಹಾಗಾಗಿ ಅಚ್ಚಿನ ಎತ್ತರ ಹೊಂದಿಸಲು ಹಲವು ತೂತುಗಳು, ತಿರುಗಿಸಿದಲ್ಲೇ ನಿಲ್ಲಿಸಲು ಗಟ್ಟಿ ಪಿನ್ ಇರಲೇಬೇಕು.

ಮರ ಸೋಲುವುದು ಕೀಲಿನಲ್ಲಿ. ಬೋಲ್ಟಿನ ತೂತು ತುದಿಗೆ ಹತ್ತಿರವಿದ್ದರೆ ಎಳೆಯುದ್ದಕ್ಕೂ ಸೀಳುತ್ತದೆ. ವೆಲ್ಡಿಂಗ್ ಕಿಡಿ ಬಿದ್ದ ಮರ ಒಳಗೊಳಗೇ ಹೊಗೆಯಾಡಿ, ಕೆಲಸ ಮುಗಿಸಿ ಮನೆಗೆ ಹೋದ ಮೇಲೂ ಹೊತ್ತಿಕೊಳ್ಳಬಹುದು. ತುಕ್ಕು ಕೆರೆದು ಬಣ್ಣ ಬಳಿಯಲು ಮರ ಸಾಕು. ವೆಲ್ಡಿಂಗಿಗೆ ನಾನಂತೂ ಬೇಡವೆನ್ನುತ್ತೇನೆ.