ಎಣಿಸದೆ ಕೊಂಡ ಹಲ್ಲುಗಳು

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ 1969ರ ಷೆವರ್ಲೆ ಕಾರಿಗೆ 1987ರ ವಿ-8 ಎಂಜಿನ್ನನ್ನು ಕೂರಿಸಿದನು. ಆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಬೋಲ್ಟ್ ವೃತ್ತವು 1986ರಿಂದ ಕಿರಿದಾದುದರಿಂದ, ಸ್ಟಾರ್ಟರು ತಿರುಗಿಸುವ ಹಲ್ಲಿನ ತಟ್ಟೆ, ಎಂದರೆ ಫ್ಲೆಕ್ಸ್‌ಪ್ಲೇಟು, ಹಳೆಯದು ಕೂಡಲಿಲ್ಲ. ಹೊಸದನ್ನು ತಂದನು; ಸ್ಟಾರ್ಟರು ಮಾತ್ರ ಹಳೆಯದೇ. ಕೀಲಿ ತಿರುಗಿಸಿದರೆ ಅದು ಬರಿದೇ ಗಿರ್ರೆಂದಿತು, ಎಂಜಿನ್ ಮಿಸುಕಲಿಲ್ಲ. ಹಳೆಯ ತಟ್ಟೆಗೆ 168 ಹಲ್ಲು, ಸುಮಾರು 14 ಅಂಗುಲ ವ್ಯಾಸ. ಹೊಸದಕ್ಕೆ 153 ಹಲ್ಲು, 12¾ ಅಂಗುಲ. ಲೆಕ್ಕದ ಮೇಷ್ಟರ ಶಿಷ್ಯನು ಎಣಿಸದೆ ಕೊಂಡನಲ್ಲ!

ತಪ್ಪು ಅವನೊಬ್ಬನದೇ ಎನ್ನಲಾರೆ. ಅಂಗಡಿಯವರು ಕೇಳುವುದು ಕಾರಿನ ವರ್ಷವನ್ನು. ಕೇಳಬೇಕಾದುದು ಎಂಜಿನ್ನಿನ ವರ್ಷವನ್ನೂ ಹಲ್ಲಿನ ಸಂಖ್ಯೆಯನ್ನೂ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ 153ರ ಸ್ಟಾರ್ಟರಿನ ಎರಡು ಬೋಲ್ಟುಗಳು ನೇರಕ್ಕಿರುತ್ತವೆ, 168ರವು ಓರೆಗೆ. ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತಿಟ್ಟು ಎಣಿಸು, ಆಮೇಲೆ ಸ್ಟಾರ್ಟರು ಕೊಳ್ಳು ಎಂದು ಬರೆದಿದ್ದೇನೆ.