ಮಳೆಗೆ ಅಳತೆ ಇದೆ, ನೆಟ್‌ಗೆ ಯಾಕಿಲ್ಲ?

"ಸರ್ವರ್ ಇಲ್ಲ, ನಾಳೆ ಬರ್ರಿ."

ಭಾಲ್ಕಿ ಇರಲಿ, ಔರಾದ್ ಇರಲಿ, ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಒತ್ತಲು ನಿಂತವರಿಗೆ ಈ ಮಾತು ಹೊಸದಲ್ಲ. ಒಂದು ದಿನದ ಕೂಲಿ ಹೋಯಿತು. ಮೊಬೈಲ್ ನೋಡಿದರೆ ಸಿಗ್ನಲ್ ಕಡ್ಡಿ ತುಂಬಿವೆ. ತಪ್ಪು ಯಾರದು?

ಕಡ್ಡಿ ಹೇಳುವುದು ಟವರ್ ಸಿಗ್ನಲ್ ಎಷ್ಟು ಗಟ್ಟಿ ಎಂಬುದನ್ನಷ್ಟೇ. ಡೇಟಾ ಸಣ್ಣ ಸಣ್ಣ ಪ್ಯಾಕೆಟ್ ಆಗಿ ಸಾಗುತ್ತದೆ. ಅದನ್ನು ಸಾಗಿಸುವ ಒಂದು ಮುಖ್ಯ ನಿಯಮ ಟಿಸಿಪಿ. ಬೀದರ್ ಮಾರುಕಟ್ಟೆಗೆ ತೊಗರಿ ಚೀಲ ಕಳಿಸಿದಂತೆ: ಮುಟ್ಟಿದ ರಸೀದಿ ಬಂದರೆ ಮುಂದೆ ಹೆಚ್ಚು ಚೀಲ, ಬಾರದಿದ್ದರೆ ದಾರಿಯಲ್ಲಿ ಗದ್ದಲವಿದೆ ಎಂದು ಕಡಿಮೆ ಚೀಲ. ದಾರಿಯಲ್ಲಿ ಪ್ಯಾಕೆಟ್ ಕಳೆದರೆ ಕಡ್ಡಿ ತುಂಬಿದ್ದರೂ ನೆಟ್ ತೆವಳುತ್ತದೆ.

1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಲೈನು ಗದ್ದಲದಿಂದ 40 ಬಿಟ್‌ಗೆ ಕುಸಿಯಿತು. ವ್ಯಾನ್ ಜೇಕಬ್ಸನ್ ಕಾರಣ ಹುಡುಕಿ 1988ರಲ್ಲಿ ಪರಿಹಾರ ಬರೆದರು. ಜಪಾನಿನ ವೈಡ್ ಯೋಜನೆಯವರು 2001ರಿಂದ ದಿನಕ್ಕೆ 15 ನಿಮಿಷ ತಮ್ಮ ಲೈನಿನ ಸಂಚಾರ ದಾಖಲಿಸುತ್ತ ಬಂದಿದ್ದಾರೆ. ವರ್ಷಗಟ್ಟಲೆ ಬರೆದಿಟ್ಟರೆ ಮಾತ್ರ ಬದಲಾವಣೆ ಕಾಣುತ್ತದೆ.

ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಕನಿಷ್ಠ 2 ಎಂಬಿಪಿಎಸ್ ಎಂದು 2023ರಲ್ಲಿ ಕೇಂದ್ರ ಸರ್ಕಾರ ಹೇಳಿದೆ. ವೇಗ ನೋಡಲು ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಇದೆ. ಆದರೆ ಯಾರಾದರೂ ಒತ್ತಿದರಷ್ಟೇ ಅದು ಅಳೆಯುತ್ತದೆ. ನೆಟ್ ಪೂರ್ತಿ ಸತ್ತ ದಿನ ಅಳತೆಯೇ ನಡೆಯುವುದಿಲ್ಲ. ಅಂದರೆ ನಮ್ಮ ಕೆಟ್ಟ ದಿನಗಳು ಲೆಕ್ಕದಲ್ಲೇ ಇರುವುದಿಲ್ಲ.

ಒಂದು ಸ್ಕ್ರೀನ್‌ಶಾಟ್ ಸಾಲದೇ ಎನ್ನಬಹುದು. ಒಂದು ದಿನ ಮಳೆ ಬರಲಿಲ್ಲವೆಂದು ಬರ ಘೋಷಿಸುತ್ತಾರೆಯೇ? ಹಲವು ವರ್ಷಗಳ ವಾಡಿಕೆ ಮಳೆಗೆ ಹೋಲಿಸುತ್ತಾರೆ. ಅದಕ್ಕೆಂದೇ ರಾಜ್ಯದಲ್ಲಿ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಹಾಕಿದ್ದಾರೆ. ನೆಟ್‌ಗೂ ಅಂಥದ್ದೇ ಲೆಕ್ಕ ಬೇಕೆಂಬುದು ನಮ್ಮ ವಾದ.

ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಒಂದು ನೋಟ್‌ಬುಕ್ ಇಡೋಣ. ದಿನಾ ಅದೇ ಹೊತ್ತಿಗೆ, ಅದೇ ಫೋನಿನಲ್ಲಿ ವೇಗ ಮತ್ತು ವಿಳಂಬ ಬರೆಯೋಣ. ನೆಟ್ ಬರದಿದ್ದರೆ "ಬರಲಿಲ್ಲ" ಎಂದೂ ಬರೆಯೋಣ. ಅದು ಎಲ್ಲಕ್ಕಿಂತ ಮುಖ್ಯ. ಹೆಬ್ಬೆಟ್ಟು ಹತ್ತದ ದಿನ ನೋಟ್‌ಬುಕ್ಕಿನಲ್ಲಿ ನೆಟ್ ಚೆನ್ನಾಗಿದ್ದರೆ, ತಪ್ಪು ಬೇರೆಡೆ ಹುಡುಕಬೇಕೆಂದು ತಿಳಿಯುತ್ತದೆ.

ಬೀದರ್ ನಗರ, ಭಾಲ್ಕಿ, ಔರಾದ್‌ನಲ್ಲಿ ಒಂದೊಂದು ನೋಟ್‌ಬುಕ್ ನಾವೇ ಶುರು ಮಾಡುತ್ತೇವೆ. ನಿಮ್ಮ ಊರಲ್ಲಿ ನೀವು ಮಾಡ್ರಿ. ವರ್ಷ ಕಳೆದ ಮೇಲೆ "ನಮ್ಮ ಕಡೆ ಎಲ್ಲಾ ಸರಿ ಇದೆ" ಎಂದವರ ಮುಂದೆ ಅದನ್ನೇ ಇಡೋಣ.